ಸ್ಟೇಟಸ್ ರನ್ನಿಂಗ್, ಬಿಲ್ಲು ನಾಪತ್ತೆ

ಕರೆಂಟ್ ಹುಟ್ಟೋದು ಇಲ್ಲೇ ಜೋಗದ ಪಕ್ಕ, ಆದ್ರೂ ಆಷಾಢದ ಗಾಳಿಗೆ ಲೈನ್ ಮೇಲೆ ಒಂದು ಮರ ಬಿದ್ರೆ ಸಾಗರದ ಕಡೆ ಎರಡು ದಿನ ಕತ್ತಲೆ. ಅದಕ್ಕೇ ಅಲ್ಲಿನ ಒಂದು ಅಡಿಕೆ ವ್ಯಾಪಾರದ ಸಂಸ್ಥೆಯವ್ರು (ಹೆಸರು ಬೇಡ) ಎರಡು ಸರ್ವರ್‌ಗೆ ಬೇರೆ ಬೇರೆ ಯುಪಿಎಸ್ ಕೊಟ್ಟು ಸರ್ವೀಸ್‌ಗಾರ್ಡ್ ಕ್ಲಸ್ಟರ್ (ಒಂದು ಸರ್ವರ್ ಬಿದ್ರೆ ಅದರ ಕೆಲಸ ಇನ್ನೊಂದು ಎತ್ತಿಕೊಳ್ಳೋ ವ್ಯವಸ್ಥೆ) ಮಾಡ್ಸಿದ್ರು, ಮಾಡಿಕೊಟ್ಟವನು ನಾನೇ.

ಈ ಕ್ಲಸ್ಟರಲ್ಲಿ ಪ್ಯಾಕೇಜ್ ಅಂದ್ರೆ ಎಂಥದು ಅಂತ ಕೇಳಿದ್ರೆ ನಾನು ಯಕ್ಷಗಾನದ ಮೇಳ ತೋರಿಸ್ತೀನಿ. ಮೇಳ ಊರು ಬಿಟ್ರೆ ಪೆಟ್ಟಿಗೆ, ಚಂಡೆ, ವೇಷ ಎಲ್ಲಾ ಒಟ್ಟಿಗೇ ಹೋಗ್ಬೇಕು. ಇಲ್ಲೂ ಹಂಗೇ, ಅಪ್ಲಿಕೇಶನ್, ಅದರ ಡಿಸ್ಕು, ಅದರ ಐಪಿ ಅಡ್ರೆಸ್ಸು ಮೂರೂ ಒಂದೇ ಕಟ್ಟು. ಹೊಸ ಊರಲ್ಲಿ, ಅಂದ್ರೆ ಇನ್ನೊಂದು ಸರ್ವರಲ್ಲಿ, ಇಳಿಸೋ ಕ್ರಮ ಕಂಟ್ರೋಲ್ ಸ್ಕ್ರಿಪ್ಟಲ್ಲಿ ಇರುತ್ತೆ: ಮೊದ್ಲು ವಾಲ್ಯೂಮ್ ಗ್ರೂಪ್ (ಡಿಸ್ಕುಗಳ ಗುಂಪು) ಆಕ್ಟಿವೇಟ್, ಆಮೇಲೆ ಫೈಲ್‌ಸಿಸ್ಟಮ್ ಮೌಂಟ್ (ಡಿಸ್ಕನ್ನ ಒಂದು ಫೋಲ್ಡರಿಗೆ ಜೋಡಿಸೋದು), ಆಮೇಲೆ ಐಪಿ, ಆಮೇಲೆ ನಾವು ಬರೆದ ಸ್ಟಾರ್ಟ್ ಕಮಾಂಡು, ಕೊನೆಗೆ ಸರ್ವೀಸು (ಕ್ಲಸ್ಟರ್ ಕಣ್ಣಿಟ್ಟಿರೋ ಪ್ರೋಸೆಸ್). ನಿಲ್ಲಿಸುವಾಗ ಪೂರ್ತಿ ಉಲ್ಟಾ.

ಒಂದು ವರ್ಷ ಜನವರೀಲಿ ಬಿಲ್ಲಿಂಗಿಗೆ ಇನ್ನೊಂದು ಫೈಲ್‌ಸಿಸ್ಟಮ್ ಬೇಕಾಯ್ತು. ಎರಡೂ ನೋಡಲ್ಲಿ (ನೋಡ್ ಅಂದ್ರೆ ಕ್ಲಸ್ಟರಿನ ಒಂದೊಂದು ಸರ್ವರ್) ಫೋಲ್ಡರ್ ಮಾಡ್ದೆ, ಮೊದಲನೇ ನೋಡಿನ ಸ್ಕ್ರಿಪ್ಟಲ್ಲಿ ಸಾಲು ಸೇರಿಸ್ದೆ, ಸಿಎಂಚೆಕ್‌ಕಾನ್ಫ್ (ಕಾನ್ಫಿಗರೇಶನ್ ಸರಿ ಇದೆಯಾ ಅಂತ ಚೆಕ್ ಮಾಡೋ ಕಮಾಂಡು) ಓಡಿಸ್ದೆ, ಎರರ್ ಇಲ್ಲ, ಸಿಎಂಅಪ್ಲೈಕಾನ್ಫ್ (ಅದನ್ನ ಅಪ್ಲೈ ಮಾಡೋ ಕಮಾಂಡು) ಓಡಿಸ್ದೆ, ಊಟಕ್ಕೆ ಹೋದೆ. ತಪ್ಪಾಗಿದ್ದು ಅಲ್ಲೇ ಮಾರಾಯ್ರೆ. ಹಳೇ ಮಾದರಿ ಪ್ಯಾಕೇಜಲ್ಲಿ ಅಪ್ಲೈ ಮಾಡಿದ್ರೆ ಕಾನ್ಫಿಗರೇಶನ್ನಿನ ಬೈನರಿ ಮಾತ್ರ ಎಲ್ಲಾ ನೋಡಿಗೂ ಹೋಗುತ್ತೆ, ಕಂಟ್ರೋಲ್ ಸ್ಕ್ರಿಪ್ಟ್ ಹೋಗಲ್ಲ, ಅದನ್ನ ನಾವೇ ಕೈಯಾರೆ ಕಾಪಿ ಮಾಡ್ಬೇಕು. ಚೆಕ್ ಮಾಡೋ ಕಮಾಂಡು ಆ ಕಡೆ ಫೈಲ್ ಇದೆಯಾ, ಎಕ್ಸಿಕ್ಯೂಟ್ ಪರ್ಮಿಷನ್ ಇದೆಯಾ ಅಂತಷ್ಟೇ ನೋಡುತ್ತೆ, ಒಳಗೆ ಏನು ಬರೆದಿದೆ ಅನ್ನೋದು ಅದಕ್ಕೆ ಬೇಡ.

ಜುಲೈನಲ್ಲಿ ಮೊದಲನೇ ಯುಪಿಎಸ್ ಕೈಕೊಡ್ತು. ಪ್ಯಾಕೇಜ್ ಎರಡನೇ ನೋಡಿಗೆ ಚೆನ್ನಾಗೇ ಹೋಯ್ತು, ಸಿಎಂವ್ಯೂಸಿಎಲ್‌ನಲ್ಲಿ (ಕ್ಲಸ್ಟರಿನ ಸ್ಥಿತಿ ತೋರಿಸೋ ಕಮಾಂಡು) ರನ್ನಿಂಗ್. ಬೆಳಿಗ್ಗೆ ಅವರ ಕ್ಲರ್ಕ್ ಫೋನು: "ಸರ್, ಎಲ್ಲಾ ಚಾಲೂ ಇದೆ, ನಿನ್ನೆವರೆಗಿನ ಬಿಲ್ಲು ಒಂದೂ ಕಾಣ್ತಿಲ್ಲ". ಅಲ್ಲಿನ ಹಳೇ ಸ್ಕ್ರಿಪ್ಟಿಗೆ ಹೊಸ ಮೌಂಟ್ ಗೊತ್ತೇ ಇಲ್ಲ, ಮೌಂಟ್ ಆಗ್ಲಿಲ್ಲ, ಎರರೂ ಬರ್ಲಿಲ್ಲ, ಅಪ್ಲಿಕೇಶನ್ ಖಾಲಿ ಫೋಲ್ಡರ್ ನೋಡಿ ಲೋಕಲ್ ಡಿಸ್ಕಲ್ಲೇ ಹೊಸ ಲೆಕ್ಕ ಶುರು ಮಾಡಿತ್ತು! ಹಾಗೇ ಮೌಂಟ್ ಮಾಡಿಬಿಟ್ರೆ ಅವತ್ತು ಬೆಳಿಗ್ಗೆ ಹಾಕಿದ ಬಿಲ್ಲೆಲ್ಲ ಅದರ ಅಡಿಗೆ ಮುಚ್ಚಿಹೋಗುತ್ತೆ. ಅಪ್ಲಿಕೇಶನ್ ನಿಲ್ಲಿಸಿ, ಆ ಫೈಲುಗಳನ್ನ ಬೇರೆ ಕಡೆ ಎತ್ತಿಟ್ಟು, ಆಮೇಲೆ ಮೌಂಟ್ ಮಾಡಿ ಎಂಟ್ರಿ ಸೇರಿಸೋವಷ್ಟರಲ್ಲಿ ಸಂಜೆ.

11.18 ವರ್ಷನ್ನಿಂದ ಬಂದ ಮಾಡ್ಯುಲರ್ ಪ್ಯಾಕೇಜಲ್ಲಿ ಈ ಕಾಟ ಕಮ್ಮಿ, ಎಲ್ಲಾ ಒಂದೇ ಕಾನ್ಫಿಗ್ ಫೈಲಲ್ಲಿ ಇರುತ್ತೆ. ಆದ್ರೆ ನೀವೇ ಬರೆದ ಎಕ್ಸ್‌ಟರ್ನಲ್ ಸ್ಕ್ರಿಪ್ಟು ಈಗ್ಲೂ ಕೈಯಾರೆನೇ ಕಾಪಿ.

ಹಳೇ ಸ್ಕ್ರಿಪ್ಟಲ್ಲಿ ಇನ್ನೊಂದು ಇದೆ, ಎಲ್‌ವಿ ಸಾಲನ್ನ (ಯಾವ ಡಿಸ್ಕ್ ಮೌಂಟ್ ಮಾಡ್ಬೇಕು ಅನ್ನೋ ಸಾಲು) ಕಾಪಿ ಹೊಡೆದು ಬ್ರಾಕೆಟ್ ಒಳಗಿನ 0 ನ 1 ಮಾಡೋದು ಮರೆತ್ರೆ ಮೊದಲನೇ ಡಿಸ್ಕೇ ಲೆಕ್ಕದಿಂದ ಹೋಗುತ್ತೆ. ಸರ್ವೀಸ್ ಕಮಾಂಡಲ್ಲಿ ಡೀಮನ್ (ಹಿನ್ನೆಲೇಲಿ ಓಡೋ ಪ್ರೋಗ್ರಾಂ) ಸ್ಟಾರ್ಟ್ ಮಾಡಿ ವಾಪಸ್ ಬರೋ ಸ್ಕ್ರಿಪ್ಟ್ ಹಾಕ್ಬೇಡಿ, ಅದು ಮುಗಿದ ಕೂಡ್ಲೇ ಸರ್ವೀಸ್ ಸತ್ತೋಯ್ತು ಅಂತ ಕ್ಲಸ್ಟರ್ ಪ್ಯಾಕೇಜನ್ನೇ ಎತ್ತಿ ಆಚೆ ಕಳಿಸುತ್ತೆ, ಅಲ್ಲೂ ಅದೇ ಕತೆ. ಪ್ರೋಸೆಸ್ ಬದುಕಿದೆಯಾ ಅಂತ ಲೂಪಲ್ಲಿ ನೋಡ್ತಾ ಕೂರೋ ಮಾನಿಟರ್ ಸ್ಕ್ರಿಪ್ಟನ್ನ ಅಲ್ಲಿ ಕೊಡಿ. ರನ್ ಸ್ಕ್ರಿಪ್ಟ್ (ಪ್ಯಾಕೇಜ್ ಎಬ್ಬಿಸೋ ಸ್ಕ್ರಿಪ್ಟ್) 1 ಅಂತ ಎಕ್ಸಿಟ್ ಆದ್ರೆ ಪ್ಯಾಕೇಜ್ ಬೇರೆ ನೋಡಿಗೆ ಹೋಗಲ್ಲ, 2 ಆದ್ರೆ ಹೋಗುತ್ತೆ. ಇದನ್ನ ಯಾರೂ ಓದಿರಲ್ಲ.

ಈಗ ಅಲ್ಲಿ ಮಳೆಗಾಲಕ್ಕೆ ಮುಂಚೆ ಒಂದು ಭಾನುವಾರ ಹೋಗಿ ಎರಡೂ ನೋಡಿನ ಸ್ಕ್ರಿಪ್ಟನ್ನ ಸಿಕೆಸಮ್ (ಫೈಲಿನ ಒಳಗಿರೋದಕ್ಕೆ ಒಂದು ತಾಳೆ ಸಂಖ್ಯೆ ಕೊಡೋ ಕಮಾಂಡು) ಹಾಕಿ ತಾಳೆ ನೋಡಿ, ಪ್ಯಾಕೇಜನ್ನ ಆ ಕಡೆ ಓಡಿಸಿ ವಾಪಸ್ ತರ್ತೀನಿ. ಸಿಎಂಹಾಲ್ಟ್‌ಪಿಕೆಜಿಯಿಂದ ನಿಲ್ಲಿಸಿದ್ರೆ ಆಟೋ ರನ್ (ಪ್ಯಾಕೇಜ್ ತಾನಾಗೇ ಏಳೋದು, ಇನ್ನೊಂದು ನೋಡಿಗೆ ಹೋಗೋದು) ಡಿಸೇಬಲ್ ಆಗುತ್ತೆ, ಸಿಎಂರನ್‌ಪಿಕೆಜಿ ಕೊಟ್ರೆ ಪ್ಯಾಕೇಜ್ ಮಾತ್ರ ಏಳುತ್ತೆ, ಆಟೋ ರನ್ ಹಾಗೇ ಆಫ್. ಸಿಎಂಮಾಡ್‌ಪಿಕೆಜಿ ಮೈನಸ್ ಇ ಕೊಟ್ಟು ಎನೇಬಲ್ಡ್ ಅಂತ ಕಣ್ಣಾರೆ ನೋಡಿದ ಮೇಲೇ ಶಿವಮೊಗ್ಗದ ಬಸ್ ಹತ್ತೋದು.