ಒಳಗೆ ಬೇರು ಬಿಟ್ಟ ಸೇವಂತಿಗೆ ಅಂಗಳಕ್ಕೆ ಬಂದರೆ ಯಾಕೆ ಕೆಡುತ್ತದೆ?

ಪ್ರಶ್ನೆ: ನಮ್ಮದು ಹಾಸನ. ಮನೆಯೊಳಗೆ ಎಲ್‌ಇಡಿ ಗ್ರೋ ಲೈಟ್ (ಗಿಡ ಬೆಳೆಸುವ ದೀಪ) ಕೆಳಗೆ ಸೇವಂತಿಗೆ ಕಡ್ಡಿಗಳಿಗೆ ಬೇರು ಬರಿಸಿದೆವು. ಒಳಗಿದ್ದಷ್ಟು ದಿನ ಹಸಿರಾಗಿ ಚೆನ್ನಾಗಿದ್ದವು. ಆಗಸ್ಟಿನಲ್ಲಿ ಅಂಗಳದಲ್ಲಿ ನೆಟ್ಟ ಎರಡು ಮೂರು ದಿನಕ್ಕೇ ಎಲೆ ಬೆಳ್ಳಗಾಯಿತು. ಬದುಕಿದ ಗಿಡಗಳು ಒಂದು ಗೇಣು ಬೆಳೆಯುವ ಮೊದಲೇ ಮೊಗ್ಗು ಬಿಟ್ಟಿವೆ. ಗೊಬ್ಬರ ಕಮ್ಮಿ ಆಯ್ತಾ?

ಉತ್ತರ: ಗೊಬ್ಬರದ ತಪ್ಪೇನೂ ಇಲ್ಲ. ದಯವಿಟ್ಟು ಈಗ ಇನ್ನಷ್ಟು ಗೊಬ್ಬರ ಹಾಕಬೇಡಿ, ಬಾಡಿದ ಬೇರಿಗೆ ಅದು ಇನ್ನೊಂದು ಪೆಟ್ಟು. ಈ ಪ್ರಶ್ನೆ ಕೇಳುವವರು ತುಂಬಾ ಜನ, ಎಲ್ಲರೂ ಎರಡು ತೊಂದರೆಗಳನ್ನು ಒಂದೇ ಅಂದುಕೊಂಡಿರುತ್ತಾರೆ. ಎಲೆ ಬೆಳ್ಳಗಾಗಿದ್ದು ಬಿಸಿಲಿನಿಂದ. ಮೊಗ್ಗು ಬೇಗ ಬಂದಿದ್ದು ರಾತ್ರಿಯಿಂದ. ಒಂದಕ್ಕೆ ಮಾಡುವ ಉಪಾಯ ಇನ್ನೊಂದಕ್ಕೆ ಕೆಲಸಕ್ಕೆ ಬರುವುದಿಲ್ಲ.

ಮೊದಲು ಬಿಸಿಲಿನ ಮಾತು. ಬೆಳ್ಳಗಾದ ಎಲೆಯನ್ನು ಹತ್ತಿರದಿಂದ ನೋಡಿ. ನರಗಳು ಇನ್ನೂ ಹಸಿರಾಗಿರುತ್ತವೆ, ನಡುವಿನ ಜಾಗ ಮಾತ್ರ ಒಣ ಕಾಗದದ ಹಾಗೆ ತೆಳ್ಳಗೆ, ಬಿಳಿಚಿಕೊಂಡಿರುತ್ತದೆ. ಸೂರ್ಯನಿಗೆ ನೇರವಾಗಿ ಮುಖ ಮಾಡಿದ ಮೇಲಿನ ಎಲೆಗಳಲ್ಲೇ ಇದು ಜಾಸ್ತಿ, ಅವುಗಳ ನೆರಳಲ್ಲಿದ್ದ ಎಲೆಗಳು ಸರಿಯಾಗೇ ಇರುತ್ತವೆ. ರೋಗ ಆಗಿದ್ದರೆ ಹೀಗೆ ನೆರಳು ನೋಡಿಕೊಂಡು ಬರುವುದಿಲ್ಲ. ಆದ್ದರಿಂದ ಔಷಧಿ ಹೊಡೆಯುವ ಅವಸರ ಬೇಡ.

ಬೆಳಕು ಎಷ್ಟು ಬೀಳುತ್ತದೆ ಅನ್ನುವುದನ್ನು ಲಕ್ಸ್‌ನಲ್ಲಿ ಅಳೆಯುತ್ತಾರೆ, ನಡು ಮಧ್ಯಾಹ್ನದ ಬಿಸಿಲು ಸುಮಾರು 1,00,000 ಲಕ್ಸ್ ಇರುತ್ತದೆ. ಮನೆಯ ಗ್ರೋ ಲೈಟ್ ಕೆಳಗೆ ಸಾಮಾನ್ಯವಾಗಿ ಸಿಗುವ ಬೆಳಕು ಅದರ ಒಂದು ಸಣ್ಣ ಪಾಲು ಅಷ್ಟೇ. ಜೊತೆಗೆ ಮಾಮೂಲಿ ಎಲ್‌ಇಡಿಯಲ್ಲಿ ನೇರಳಾತೀತ ಕಿರಣ ಹೆಚ್ಚುಕಮ್ಮಿ ಇರುವುದೇ ಇಲ್ಲ. ಅಂಥ ಬೆಳಕಲ್ಲಿ, ಗಾಳಿಯಾಡದ ತೇವದ ಕೋಣೆಯಲ್ಲಿ ಹುಟ್ಟಿದ ಎಲೆ ತೆಳ್ಳಗಿರುತ್ತದೆ, ಮೇಲಿನ ಮೇಣದ ಪದರವೂ ತೆಳ್ಳಗೆ, ಬಿಸಿಲು ಬಿದ್ದಾಗ ರಂಧ್ರ ಮುಚ್ಚಿ ನೀರು ಉಳಿಸಿಕೊಳ್ಳುವ ಅಭ್ಯಾಸವೂ ಅದಕ್ಕೆ ಆಗಿರುವುದಿಲ್ಲ. ಹಾಸನ 900 ಮೀಟರಿಗೂ ಮೇಲೆ ಇದೆ, ಚಿಕ್ಕಮಗಳೂರು 1,000 ಮೀಟರ್ ದಾಟುತ್ತದೆ. ಇಲ್ಲಿ ಗಾಳಿ ತಣ್ಣಗಿರುತ್ತದೆ ಅಂತ ಬಿಸಿಲನ್ನು ಹಗುರ ಮಾಡಬೇಡಿ. ಎತ್ತರಕ್ಕೆ ಹೋದಷ್ಟೂ ನೇರಳಾತೀತ ಕಿರಣ ಜಾಸ್ತಿಯೇ ಆಗುತ್ತದೆ.

ನಮ್ಮ ಕಾಫಿ ನರ್ಸರಿಯವರಿಗೆ ಇದು ಹೊಸದಲ್ಲ. ಗಿಡ ತೋಟಕ್ಕೆ ಹೋಗುವ ಕೆಲವು ವಾರ ಮುಂಚಿನಿಂದಲೇ ಅವರು ಚಪ್ಪರವನ್ನು ಸ್ವಲ್ಪ ಸ್ವಲ್ಪವೇ ಬಿಚ್ಚುತ್ತಾ ಬರುತ್ತಾರೆ. ನೀವು ಮಾಡಬೇಕಾದದ್ದೂ ಅದನ್ನೇ. ಮೊದಲ ಎರಡು ಮೂರು ದಿನ ಬಿಸಿಲೇ ತಾಗದ ಜಗಲಿಯಲ್ಲೋ ಮರದ ಕೆಳಗೋ ಇಡಿ. ಆಮೇಲೆ ಬೆಳಗಿನ ಬಿಸಿಲು ಒಂದು ಗಂಟೆ, ಮರುದಿನ ಇನ್ನೊಂದಿಷ್ಟು. ಜಾಗ ಬದಲಿಸುವುದು ಕಷ್ಟವಾದರೆ 50 ಪರ್ಸೆಂಟ್ ಶೇಡ್ ನೆಟ್ (ಅರ್ಧ ಬಿಸಿಲು ತಡೆಯುವ ಬಲೆ) ಕಟ್ಟಿ, ದಿನದಿನಕ್ಕೆ ಅದನ್ನು ತೆಗೆದಿಡುವ ಹೊತ್ತು ಹೆಚ್ಚಿಸಿ. ಒಟ್ಟು ಹತ್ತರಿಂದ ಹದಿನಾಲ್ಕು ದಿನ ಸಾಕು. ಎಲೆ ಮಧ್ಯಾಹ್ನ ಸ್ವಲ್ಪ ಜೋತು ಬಿದ್ದು ಸಂಜೆಗೆ ಎದ್ದರೆ ಸರಿ, ಸಂಜೆಯಾದರೂ ಏಳದಿದ್ದರೆ ಒಂದು ಹೆಜ್ಜೆ ಹಿಂದಕ್ಕೆ ಬನ್ನಿ. ಒಮ್ಮೆ ಸುಟ್ಟ ಎಲೆ ಮತ್ತೆ ಹಸಿರಾಗುವುದಿಲ್ಲ, ಹೊಸ ಚಿಗುರು ಹೊರಗಿನ ಬೆಳಕಲ್ಲೇ ಹುಟ್ಟಿದ್ದರಿಂದ ಗಟ್ಟಿಯಾಗಿರುತ್ತದೆ, ಅದನ್ನು ನೋಡಿ ಲೆಕ್ಕ ಹಾಕಿ.

ಮಳೆಗಾಲದಲ್ಲಿ ಒಂದು ಎಚ್ಚರ. ಮೂರು ನಾಲ್ಕು ದಿನ ಮೋಡ ಮುಚ್ಚಿರುತ್ತದೆ, ಗಿಡ ಚೆನ್ನಾಗಿದೆ, ಒಗ್ಗಿತು ಅನಿಸುತ್ತದೆ. ಐದನೇ ದಿನ ಹತ್ತು ಗಂಟೆಗೆ ಮೋಡ ಸರಿದು ಚುರ್ ಅನ್ನುವ ಬಿಸಿಲು ಬೀಳುತ್ತದೆ, ಅಷ್ಟರಲ್ಲಿ ನೀವು ಆಫೀಸಿನಲ್ಲಿರುತ್ತೀರಿ. ಮೋಡದ ದಿನಗಳನ್ನು ಬಿಸಿಲಿನ ಲೆಕ್ಕಕ್ಕೆ ಸೇರಿಸಲೇಬೇಡಿ. ಸಕಲೇಶಪುರ, ಮೂಡಿಗೆರೆ ಕಡೆಯವರಿಗೆ ಬಿಸಿಲಿಗಿಂತ ಬೇರು ಕೊಳೆಯುವುದೇ ದೊಡ್ಡ ತಲೆನೋವು, ಅಲ್ಲಿ ಜೋರು ಮಳೆ ಕಳೆಯುವ ತನಕ ಕುಂಡದಲ್ಲೇ, ಸೂರಿನ ನೀರು ಬೀಳದ ಕಡೆ ಇಟ್ಟುಕೊಳ್ಳುವುದು ಒಳ್ಳೆಯದು. ಅರಸೀಕೆರೆ, ಕಡೂರಿನ ಕಡೆ ಇದರ ಉಲ್ಟಾ. ಅಲ್ಲಿ ಒಣ ಗಾಳಿಗೆ ಬೇರಿನ ಸುತ್ತಲ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಉಂಡೆ ಬೇಗ ಒಣಗುತ್ತದೆ. ನೆಡುವಾಗ ಉಂಡೆಯ ತಲೆ ಹೊರಗೆ ಕಾಣದ ಹಾಗೆ ಮೇಲೆ ತೆಳ್ಳಗೆ ಮಣ್ಣು ಎಳೆಯಿರಿ. ಸುತ್ತಲ ಮಣ್ಣು ಒದ್ದೆಯಿದ್ದೂ ಗಿಡ ಬಾಡುತ್ತಿದ್ದರೆ ಉಂಡೆಯನ್ನೇ ಬೆರಳಿಂದ ಮುಟ್ಟಿ ನೋಡಿ, ಒಳಗೆ ಒಣಗಿರುತ್ತದೆ.

ಈಗ ಮೊಗ್ಗಿನ ವಿಷಯ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ಯಾಕೆಂದರೆ ಅಂಗಡಿಯಲ್ಲಿ ಲೈಟ್ ಮಾರುವವರು ಇದನ್ನು ಹೇಳುವುದಿಲ್ಲ.

ಸೇವಂತಿಗೆ ರಾತ್ರಿಯ ಉದ್ದ ನೋಡಿ ಹೂ ಬಿಡುವ ಗಿಡ. ಕತ್ತಲು ಒಂದು ಮಿತಿಗಿಂತ ಉದ್ದವಾದರೆ ಎಲೆ ಬಿಡುವುದು ನಿಲ್ಲಿಸಿ ಮೊಗ್ಗಿಗೆ ತಿರುಗುತ್ತದೆ. ಬಹಳಷ್ಟು ತಳಿಗಳಲ್ಲಿ ಹಗಲು ಹದಿಮೂರೂವರೆ ಗಂಟೆಗಿಂತ ಕಮ್ಮಿಯಾದಾಗ ಈ ತಿರುವು ಶುರುವಾಗುತ್ತದೆ, ತಳಿಯಿಂದ ತಳಿಗೆ ಸ್ವಲ್ಪ ಹೆಚ್ಚುಕಮ್ಮಿ. ಗಿಡಗಳು ಹೀಗೆ ಹಗಲು ರಾತ್ರಿ ಅಳೆಯುತ್ತವೆ ಅಂತ ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್ 1920ರಲ್ಲಿ ಬರೆದರು, ಅವರಿಗೆ ಈ ಸುಳಿವು ಕೊಟ್ಟಿದ್ದು ಬೇಸಿಗೆಯಲ್ಲಿ ಹೂವನ್ನೇ ಬಿಡದೆ ಎತ್ತರಕ್ಕೆ ಬೆಳೆಯುತ್ತಿದ್ದ ಒಂದು ತಂಬಾಕು ತಳಿ. ರಾಮನಾಥಪುರದ ಸುತ್ತ ತಂಬಾಕು ಬೆಳೆಯುವ ನಮ್ಮ ಜಿಲ್ಲೆಯವರಿಗೆ ಇದು ಗೊತ್ತಿರಲಿ ಅಂತ ಹೇಳಿದೆ.

ಹಾಸನದಲ್ಲಿ ವರ್ಷದ ಅತಿ ಉದ್ದದ ಹಗಲು, ಜೂನ್ 21ರ ಹೊತ್ತಿಗೆ, ಸುಮಾರು 12 ಗಂಟೆ 50 ನಿಮಿಷ. ಮುಂಜಾನೆ ಮುಸ್ಸಂಜೆಯ ಮಬ್ಬು ಬೆಳಕನ್ನೂ ಸೇರಿಸಿದರೆ ಹದಿಮೂರೂವರೆ ಗಂಟೆಯ ಆಸುಪಾಸು. ಡಿಸೆಂಬರಿನಲ್ಲಿ 11 ಗಂಟೆ 20 ನಿಮಿಷಕ್ಕೆ ಇಳಿಯುತ್ತದೆ. ಅಂದರೆ ನಮ್ಮಲ್ಲಿ ಸೇವಂತಿಗೆಗೆ ನಿಶ್ಚಿಂತೆಯಾಗಿ ಬೆಳೆಯುವಷ್ಟು ಹಗಲು ಸಿಗುವುದು ಜೂನ್ ಆಚೀಚೆ ಮಾತ್ರ, ಅದೂ ಅಂಚಿನಲ್ಲಿ. ನಿಮ್ಮ ಗ್ರೋ ಲೈಟ್ ಹದಿನಾರು ಹದಿನೆಂಟು ಗಂಟೆ ಉರಿಯುತ್ತಿತ್ತು, ಅಲ್ವಾ? ಅಲ್ಲಿಂದ ಆಗಸ್ಟ್ ತಿಂಗಳ ಅಂಗಳಕ್ಕೆ ಬಂದ ಗಿಡಕ್ಕೆ ರಾತ್ರಿ ಒಮ್ಮೆಲೇ ಉದ್ದವಾಯಿತು. ಅದು ಮೊಗ್ಗು ಬಿಟ್ಟಿತು.

ಗಿಡ ಇಷ್ಟು ಚಿಕ್ಕದು, ಇದಕ್ಕೆ ಹೂವಿನ ವಯಸ್ಸು ಆಗಿಲ್ಲವಲ್ಲ ಅಂತ ಕೇಳಬಹುದು. ಕಡ್ಡಿಯಿಂದ ಬಂದ ಗಿಡ ಬೀಜದ ಮರಿಯ ಹಾಗಲ್ಲ. ತಾಯಿ ಗಿಡದ ವಯಸ್ಸನ್ನೇ ಅದು ಹೊತ್ತು ತಂದಿರುತ್ತದೆ, ಒಂದು ಗೇಣಿದ್ದರೂ ಹೂ ಬಿಡಬಲ್ಲದು. ತಾಯಿ ಗಿಡವೇ ಮೊಗ್ಗಿಗೆ ತಿರುಗಿದ್ದಾಗ ಕಡ್ಡಿ ಕತ್ತರಿಸಿದ್ದರಂತೂ ಮುಗಿಯಿತು. ಗುರುತು ಹಿಡಿಯುವುದು ಸುಲಭ: ಸೇವಂತಿಗೆ ಎಲೆಗೆ ಆಳವಾದ ಕಚ್ಚುಗಳಿರುತ್ತವೆ, ಮೊಗ್ಗಿಗೆ ತಿರುಗಿದ ಕುಡಿಯಲ್ಲಿ ಮೇಲಿನ ಎಲೆಗಳು ಕಚ್ಚಿಲ್ಲದೆ ಕಿರಿದಾಗಿ, ಪಟ್ಟಿಯಂತೆ ಬರುತ್ತವೆ. ಅಂಥ ಕುಡಿಯಿಂದ ಕಡ್ಡಿ ತೆಗೆಯಬೇಡಿ.

ಪರಿಹಾರ ರಾತ್ರಿ ನಡುವೆ ಬೆಳಕು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ರಾತ್ರಿ ಹೋಗುವಾಗ ಹೊಲದ ತುಂಬಾ ಸಾಲಾಗಿ ಬಲ್ಬ್ ಉರಿಯುವುದನ್ನು ನೋಡಿರಬಹುದು, ಅದು ಇದೇ ಲೆಕ್ಕ. ರಾತ್ರಿ ಹತ್ತರಿಂದ ಎರಡರ ತನಕ ಬೆಳಕು ಕೊಟ್ಟರೆ ಉದ್ದ ರಾತ್ರಿ ಎರಡು ತುಂಡಾಗುತ್ತದೆ, ಗಿಡ ಬೆಳೆಯುತ್ತಲೇ ಇರುತ್ತದೆ. ಗಿಡದ ತುದಿಯಲ್ಲಿ ಸುಮಾರು 100 ಲಕ್ಸ್ ಸಿಕ್ಕರೆ ಸಾಕು. ನಾಲ್ಕಾರು ಕುಂಡಕ್ಕೆ ಮೂರು ಅಡಿ ಮೇಲೆ ಒಂದು 9 ವಾಟ್ ವಾರ್ಮ್ ವೈಟ್ ಬಲ್ಬ್, ಜೊತೆಗೆ ಒಂದು ಟೈಮರ್, ಇಷ್ಟೇ ಖರ್ಚು. ಬಲ್ಬ್ ಮತ್ತು ಹೋಲ್ಡರ್ ಮಳೆಗೆ ನೆನೆಯದ ಹಾಗೆ ನೋಡಿಕೊಳ್ಳಿ. ಕರೆಂಟ್ ಹೋಗಿ ಒಂದು ರಾತ್ರಿ ತಪ್ಪಿದರೆ ಪರವಾಗಿಲ್ಲ, ಸತತ ಹಲವು ರಾತ್ರಿ ತಪ್ಪಿದರೆ ಮೊಗ್ಗು ಶುರು. ಬೀದಿ ದೀಪದ ಬುಡದಲ್ಲಿರುವ ಸೇವಂತಿಗೆ ನವೆಂಬರ್ ಬಂದರೂ ಸುಮ್ನೆ ಎಲೆ ಬಿಡುತ್ತಾ ನಿಂತಿರುವುದಕ್ಕೂ ಇದೇ ಕಾರಣ.

ಈಗ ಮೊಗ್ಗು ಬಂದಿರುವ ಗಿಡಕ್ಕೆ ಕುಡಿಯನ್ನು ಚಿವುಟಿ, ಕೆಳಗೆ ನಾಲ್ಕೈದು ಒಳ್ಳೆಯ ಎಲೆ ಉಳಿಸಿ. ಅದೇ ರಾತ್ರಿಯಿಂದ ಬಲ್ಬ್ ಹಾಕಿ. ಮೂರು ನಾಲ್ಕು ವಾರದಲ್ಲಿ ಪಕ್ಕದ ಕಣ್ಣುಗಳಿಂದ ಕವಲು ಬರುತ್ತವೆ. ಬಲ್ಬ್ ನಿಲ್ಲಿಸಿದ ಮೇಲೆ ಹೂ ಅರಳಲು ಹೆಚ್ಚಿನ ತಳಿಗಳಿಗೆ ಸುಮಾರು 8ರಿಂದ 10 ವಾರ ಬೇಕು. ದೀಪಾವಳಿಗೆ ಹೂ ಬೇಕು ಅಂದರೆ ಕ್ಯಾಲೆಂಡರಿನಲ್ಲಿ ಅಷ್ಟು ವಾರ ಹಿಂದಕ್ಕೆ ಎಣಿಸಿ. ಆ ದಿನ ಬರುವ ಹೊತ್ತಿಗೆ ಗಿಡ ಇನ್ನೂ ಪುಟ್ಟದಾಗೇ ಇದ್ದರೆ, ಈ ಹಬ್ಬದ ಆಸೆ ಬಿಟ್ಟು ಗಿಡ ತುಂಬಿಕೊಳ್ಳಲು ಬಿಡಿ ಅಂತಲೇ ನಾನು ಹೇಳುವುದು. ಹೂ ಮುಗಿದ ಮೇಲೆ ನಾಲ್ಕು ಇಂಚು ಬಿಟ್ಟು ಕತ್ತರಿಸಿದರೆ ಬುಡದಿಂದ ಮರಿಗಳು ಏಳುತ್ತವೆ. ಅವು ಹೊರಗೇ ಹುಟ್ಟಿದವು, ಬೇರುಸಮೇತ ಬಿಡಿಸಿ ಮೇ ಕೊನೆಗೋ ಜೂನ್ ಮೊದಲಿಗೋ ನೆಟ್ಟರೆ ಒಳಗಿನ ಲೈಟೂ ಬೇಡ, ಬಿಸಿಲಿಗೆ ಒಗ್ಗಿಸುವ ಕೆಲಸವೂ ಇಲ್ಲ.