ಬೆರಳಿನ ಓದು, ಗದಗಿನ ಸಂಗೀತ

ಕಣ್ಣು ಕಾಣದ ಮಕ್ಕಳಿಗೆ ಸಂಗೀತ ಕಲಿಸುವ ಗದಗಿನ ವೀರೇಶ್ವರ ಪುಣ್ಯಾಶ್ರಮದ ಮಾತು ಬಂದರೆ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: ‘ದೇವರು ಕಣ್ಣು ಕಸಿದುಕೊಂಡ, ಬದಲಿಗೆ ಕಿವಿ ಕೊಟ್ಟ.’ ಕೇಳೋಕೆ ಚೆಂದ. ಆದರೆ ವರ ಅಂದುಬಿಟ್ಟರೆ ರಿಯಾಜಿಗೂ ಬೆಲೆಯಿಲ್ಲ, ಓದಿಗೂ ಬೆಲೆಯಿಲ್ಲ. ಆಶ್ರಮವನ್ನು ನಡೆಸಿದ, ತಾವೂ ಕಣ್ಣು ಕಾಣದ ಪುಟ್ಟರಾಜ ಗವಾಯಿಗಳು (1914–2010) ಕನ್ನಡ, ಹಿಂದಿ, ಸಂಸ್ಕೃತ ಮೂರರಲ್ಲೂ ಪುಸ್ತಕ ಬರೆದವರು. ನಾಟಕಗಳನ್ನೂ ಬರೆದರು. ಅಷ್ಟು ಬರೆಯೋಕೆ ತಲೆಯಲ್ಲಿ ಎಷ್ಟು ತುಂಬಿಕೊಂಡಿರಬೇಕು, ಅಲ್ವಾ? ಅವರಿಗೆ ಬ್ರೈಲ್, ಅಂದರೆ ಬೆರಳಿನಿಂದ ಮುಟ್ಟಿ ಓದುವ ಉಬ್ಬು ಚುಕ್ಕೆಗಳ ಲಿಪಿ, ಗೊತ್ತಿತ್ತು. ಭಗವದ್ಗೀತೆಯನ್ನು ಬ್ರೈಲಿಗೆ ಇಳಿಸಿದವರು ಅವರು.

ಬ್ರೈಲ್ ಹುಟ್ಟಿದ್ದೂ ಸಂಗೀತಗಾರನ ಕೈಯಲ್ಲೇ. ಲೂಯಿ ಬ್ರೈಲ್ ಪ್ಯಾರಿಸ್ಸಿನ ಚರ್ಚುಗಳಲ್ಲಿ ಆರ್ಗನ್ ನುಡಿಸುತ್ತಿದ್ದರು. ಅವರಿಗಿಂತ ಮುಂಚೆ ಶಾರ್ಲ್ ಬಾರ್ಬಿಯೆ 12 ಚುಕ್ಕೆಗಳ ಬರಹ ಮಾಡಿದ್ದರು. ಒಂದೊಂದು ಗುರುತೂ ಬೆರಳ ತುದಿಗಿಂತ ದೊಡ್ಡದು. ಬ್ರೈಲ್ ಅದನ್ನು 6 ಚುಕ್ಕೆಗೆ ಇಳಿಸಿದರು: ಎಡಕ್ಕೊಂದು, ಬಲಕ್ಕೊಂದು ಸಾಲು, ಒಂದೊಂದರಲ್ಲಿ ಮೇಲಿಂದ ಕೆಳಕ್ಕೆ ಮೂರು. 63 ಗುರುತು ಸಿಕ್ಕವು. 1829ರ ಅವರ ಪುಸ್ತಕದಲ್ಲಿ ಅಕ್ಷರದ ಜೊತೆಗೇ ಸಂಗೀತ ಬರೆಯುವ ಕ್ರಮವೂ ಇತ್ತು. ನಮ್ಮಲ್ಲಿ 1951ರಲ್ಲಿ ಭಾರತಿ ಬ್ರೈಲ್, ಅಂದರೆ ಭಾರತದ ಭಾಷೆಗಳಿಗೆ ಒಂದೇ ಬ್ರೈಲ್ ಕ್ರಮ, ಬಂತು. ಕನ್ನಡದ ‘ಕ’ಗೂ ಹಿಂದಿಯ ‘ಕ’ಗೂ ಅವೇ ಎರಡು ಚುಕ್ಕೆ: ಎಡಸಾಲಿನ ಮೇಲೊಂದು, ಕೆಳಗೊಂದು. ಕಣ್ಣಿದ್ದವರು ಎರಡು ಲಿಪಿ ಕಲಿಯಬೇಕು, ಬೆರಳಿಗೆ ಒಂದೇ ಸಾಕು!

ಚುಕ್ಕೆಯಿಂದ ಚುಕ್ಕೆಗೆ ಸುಮಾರು 2.5 ಮಿಲಿಮೀಟರ್. ಬೆರಳ ತುದಿಯಲ್ಲಿ, ಚರ್ಮದ ಒಳಗೆ, ಸ್ಪರ್ಶ ಹಿಡಿಯುವ ಮರ್ಕೆಲ್ ಕೋಶಗಳು ಒತ್ತೊತ್ತಾಗಿವೆ. ಅದಕ್ಕಿಂತ ಕಮ್ಮಿ ಅಂತರವನ್ನೂ ಅವು ಹಿಡಿಯುತ್ತವೆ. ಆದರೆ ಬೆರಳು ಸರಿಯುತ್ತಿರಬೇಕು. ಒಂದೇ ಕಡೆ ಒತ್ತಿ ಹಿಡಿದರೆ ಅಕ್ಷರ ಮಸುಕಾಗುತ್ತದೆ. ಪಳಗಿದವರು ಚುಕ್ಕೆ ಎಣಿಸುವುದಿಲ್ಲ. ತಬಲಾದಲ್ಲಿ ‘ತಿರಕಿಟ’ ಕೇಳಿದಾಗ ನಾವು ಒಂದೊಂದು ಪೆಟ್ಟನ್ನು ಲೆಕ್ಕ ಹಾಕುತ್ತೇವೆಯೇ? ಹಾಗೇ ಇದು. ಬರೆಯುವುದು ಇನ್ನೂ ಮಜಾ. ಸ್ಲೇಟಿಗೆ, ಅಂದರೆ ಸಾಲುಸಾಲು ಕಿಂಡಿಗಳಿರುವ ಚೌಕಟ್ಟಿಗೆ, ದಪ್ಪ ಹಾಳೆ ಸಿಕ್ಕಿಸಿ, ಮೊಳೆಯಂಥ ಕಡ್ಡಿಯಿಂದ ಬಲದಿಂದ ಎಡಕ್ಕೆ ಚುಚ್ಚಬೇಕು. ಹಾಳೆ ಮಗುಚಿದರೆ ಉಬ್ಬಿದ ಚುಕ್ಕೆ, ಎಡದಿಂದ ಬಲಕ್ಕೆ ಓದು.

ಇನ್ನು ಮಿದುಳು. 1996ರಲ್ಲಿ ವಿಜ್ಞಾನಿಗಳು ಗಮನಿಸಿದ ಸಂಗತಿ ಇದು: ಚಿಕ್ಕಂದಿನಲ್ಲೇ ಕಣ್ಣು ಹೋದವರು ಬ್ರೈಲ್ ಓದುವಾಗ ಮಿದುಳಿನ ಹಿಂಬದಿ, ಅಂದರೆ ನೋಟಕ್ಕೆ ಮೀಸಲು ಅಂದುಕೊಂಡಿದ್ದ ಭಾಗ, ಕೆಲಸ ಮಾಡುತ್ತದೆ. 2000ದಲ್ಲಿ ಇನ್ನೊಂದು ವರದಿ ಬಂತು. ಹುಟ್ಟಾ ಕಣ್ಣು ಕಾಣದ ಮಹಿಳೆಯೊಬ್ಬರು ಬ್ರೈಲ್ ಸರಾಗವಾಗಿ ಓದುತ್ತಿದ್ದರು. ಪಾರ್ಶ್ವವಾಯುವಿನಿಂದ ಅದೇ ಭಾಗ ಎರಡೂ ಕಡೆ ಹಾಳಾಯಿತು. ಆಮೇಲೆ ಚುಕ್ಕೆಗಳು ಬೆರಳಿಗೆ ಸಿಗುತ್ತಿದ್ದವು, ಪದ ಆಗುತ್ತಿರಲಿಲ್ಲ. ಖಾಲಿ ಬಿದ್ದ ಜಾಗವನ್ನು ಮಿದುಳು ಸುಮ್ನೆ ಬಿಡುವುದಿಲ್ಲ. ಆದರೆ ಅಲ್ಲಿ ಓದು ನೆಲೆಯೂರಬೇಕಾದರೆ ದಿನಾ ಓದಲೇಬೇಕು.

ವಾದ್ಯದವರಿಗೆ ಒಂದು ತೊಡಕಿದೆ. ಪಿಯಾನೊ ಕಲಿಯುವವರು ಎಡಗೈಯಲ್ಲಿ ಸ್ವರಲಿಪಿ ಓದುತ್ತಾ ಬಲಗೈಯಲ್ಲಿ ನುಡಿಸಿ ನೋಡಬಹುದು. ಹಾರ್ಮೋನಿಯಂನಲ್ಲಿ ಎಡಗೈಗೆ ತಿದಿ ಒತ್ತುವ ಕೆಲಸ, ಸಾರಂಗಿಯಲ್ಲಿ ಎರಡೂ ಕೈ ಬಿಡುವಿಲ್ಲ. ಒಂದು ಸಾಲು ಓದಿ, ಬಾಯಿಪಾಠ ಮಾಡಿ, ಆಮೇಲೆ ವಾದ್ಯ ಮುಟ್ಟಬೇಕು. ಹಾಡುವವರೇ ಪುಣ್ಯವಂತರು, ಬೆರಳನ್ನು ಪುಟದ ಮೇಲಿಟ್ಟೇ ವಚನ ಹಾಡಬಹುದು.