ಎದ್ದು ನಿಂತು ಹೇಳಬೇಕಾದ ಒಂದು ಮಾತು

1868ರ ಮೇ 16ರಂದು ಅಯೋವಾದ ಸೆನೆಟರ್ ಜೇಮ್ಸ್ ಗ್ರೈಮ್ಸ್ ಅವರನ್ನು ಅಮೆರಿಕದ ಸೆನೆಟ್ ಸಭಾಂಗಣಕ್ಕೆ ಹೊತ್ತು ತಂದರು. ಕೆಲವೇ ದಿನಗಳ ಹಿಂದೆ ಅವರಿಗೆ ಪಾರ್ಶ್ವವಾಯು ಬಡಿದಿತ್ತು. ಕುಳಿತೇ ಮತ ಹೇಳಬಹುದೆಂದು ಮುಖ್ಯ ನ್ಯಾಯಮೂರ್ತಿ ಸ್ಯಾಮನ್ ಚೇಸ್ ಹೇಳಿದರೂ, ಅವರು ಪಕ್ಕದವರ ಆಸರೆಯಲ್ಲಿ ಎದ್ದು ನಿಂತು 'ತಪ್ಪಿತಸ್ಥರಲ್ಲ' ಎಂದರು. ಅದು ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಅವರ ವಾಗ್ದಂಡನೆ (ಇಂಪೀಚ್‌ಮೆಂಟ್) ವಿಚಾರಣೆ. ಅವರನ್ನು ಕೆಳಗಿಳಿಸಲು 36 ಮತ ಬೇಕಿತ್ತು, ಬಿದ್ದದ್ದು 35.

ಜಾನ್ಸನ್ ಮೇಲಿದ್ದ ಮುಖ್ಯ ಆರೋಪ, ಸೆನೆಟ್ ಒಪ್ಪಿಗೆಯಿಲ್ಲದೆ ಅಧಿಕಾರಿಗಳನ್ನು ವಜಾ ಮಾಡಬಾರದೆಂಬ 1867ರ ಕಾಯ್ದೆಯನ್ನು ಮೀರಿ ಯುದ್ಧ ಕಾರ್ಯದರ್ಶಿ ಎಡ್ವಿನ್ ಸ್ಟಾಂಟನ್ ಅವರನ್ನು ವಜಾ ಮಾಡಿದರೆಂಬುದು. ಅಸಲು ಜಗಳ ಬೇರೆಯೇ ಇತ್ತು. ಗುಲಾಮಗಿರಿಯಿಂದ ಬಿಡುಗಡೆಯಾದವರಿಗೆ ಹಕ್ಕು ಕೊಡುವ ಕಾನೂನುಗಳಿಗೆ ಜಾನ್ಸನ್ ಅಡ್ಡಗಾಲು ಹಾಕುತ್ತಿದ್ದರು. ಆ ವಿಷಯದಲ್ಲಿ ಜಾನ್ಸನ್ ಮಾಡಿದ್ದು ಘೋರ ಅನ್ಯಾಯ ಎಂದೇ ನಾನು ನಂಬಿದ್ದೇನೆ. ಆದರೂ ಏಳು ಮಂದಿ ರಿಪಬ್ಲಿಕನ್ನರು ಪಕ್ಷದ ಮಾತು ಮೀರಿದರು. ಬಹುಮತಕ್ಕೆ ಒಗ್ಗದ ಅಧ್ಯಕ್ಷರನ್ನೆಲ್ಲ ಹೀಗೆ ಇಳಿಸತೊಡಗಿದರೆ ಮುಂದೆ ಯಾರ ಕುರ್ಚಿಯೂ ಉಳಿಯದೆಂಬುದು ಇಲಿನಾಯ್‌ನ ಲೈಮನ್ ಟ್ರಂಬುಲ್ ವಾದ. ಇನ್ನೊಂದು ಚಿಂತೆಯೂ ಇತ್ತು. ಉಪಾಧ್ಯಕ್ಷರ ಸ್ಥಾನ ಖಾಲಿಯಿದ್ದುದರಿಂದ ಅಧಿಕಾರ ಸೆನೆಟ್‌ನ ಹಂಗಾಮಿ ಸಭಾಪತಿ ಬೆಂಜಮಿನ್ ವೇಡ್ ಕೈಗೆ ಹೋಗುತ್ತಿತ್ತು. ಅವರ ಉಗ್ರ ನಿಲುವುಗಳಿಗೆ ಸ್ವಪಕ್ಷದಲ್ಲೇ ಅಂಜುವವರಿದ್ದರು. ಆ ವೇಡ್ ಅವರೇ ಎದ್ದು 'ತಪ್ಪಿತಸ್ಥ' ಎಂದು ಮತ ಹಾಕಿದರು!

ಈ ಗೊಂದಲದ ಬೇರು ಸಂವಿಧಾನದಲ್ಲೇ ಇದೆ. ನಿಷ್ಪಕ್ಷಪಾತವಾಗಿ ನ್ಯಾಯ ಮಾಡುವೆನೆಂದು ಸೆನೆಟರುಗಳು ಪ್ರಮಾಣ ಮಾಡುತ್ತಾರೆ. ಹಾಜರಿದ್ದವರಲ್ಲಿ ಮೂರನೇ ಎರಡರಷ್ಟು ಮಂದಿ ಒಪ್ಪಬೇಕು. ಸಾಕ್ಷ್ಯ ಎಷ್ಟಿದ್ದರೆ ಸಾಕು ಎಂಬುದನ್ನು ಅದು ಹೇಳುವುದಿಲ್ಲ, ಪ್ರತಿಯೊಬ್ಬರೂ ತಮ್ಮ ಅಳತೆಗೋಲು ತಾವೇ ತರಬೇಕು. ಮೇಲಾಗಿ, ಅಪರಾಧ ಸಾಬೀತಾದರೆ ಪದವಿ ಹೋಯಿತೆಂದೇ ಅರ್ಥ, ಚಿಕ್ಕ ಶಿಕ್ಷೆಗೆ ಅವಕಾಶವಿಲ್ಲ. 'ತಪ್ಪು ಮಾಡಿದರೇ?' ಎಂಬ ಪ್ರಶ್ನೆಯೊಳಗೆ 'ಇಳಿಸಲೇಬೇಕೇ?' ಎಂಬುದೂ ಸೇರಿಕೊಳ್ಳುತ್ತದೆ.

1999ರಲ್ಲಿ ಡೆಮಾಕ್ರಟಿಕ್ ಹಿರಿಯ ರಾಬರ್ಟ್ ಬರ್ಡ್ ಈ ಇಕ್ಕಟ್ಟಿಗೇ ಸಿಕ್ಕಿದರು. ಬಿಲ್ ಕ್ಲಿಂಟನ್ ಪ್ರಮಾಣ ಮಾಡಿ ಸುಳ್ಳು ಹೇಳಿದ್ದರಲ್ಲಿ ಅವರಿಗೆ ಸಂಶಯವಿರಲಿಲ್ಲ; ಆದರೂ ಪದಚ್ಯುತಿಗೆ ಮತ ಕೊಡಲಿಲ್ಲ. ಒಂದು ಆರೋಪ 45–55, ಇನ್ನೊಂದು 50–50ರಲ್ಲಿ ಬಿದ್ದುಹೋಯಿತು.

ಮತದಾನದವರೆಗೂ ಹೋಗದೆ ತೀರ್ಮಾನವಾದದ್ದು ಅಧ್ಯಕ್ಷ ರಿಚರ್ಡ್ ನಿಕ್ಸನ್ ಪ್ರಕರಣ. 1974ರ ಆಗಸ್ಟ್ 7ರಂದು ಸೆನೆಟರ್ ಬ್ಯಾರಿ ಗೋಲ್ಡ್‌ವಾಟರ್ ಸೇರಿ ಮೂವರು ರಿಪಬ್ಲಿಕನ್ ನಾಯಕರು ಶ್ವೇತಭವನಕ್ಕೆ ಹೋಗಿ, ಸೆನೆಟ್‌ನಲ್ಲಿ ಬೆಂಬಲ ಉಳಿದಿಲ್ಲವೆಂದು ತಿಳಿಸಿದರು. ಮರುದಿನವೇ ರಾಜೀನಾಮೆ ಘೋಷಣೆಯಾಯಿತು.

ಇಂದು ಅಂಥ ನಿಯೋಗ ಹೊರಡುವುದು ಕಷ್ಟ. 1868ರಲ್ಲಿ ಸೆನೆಟರುಗಳನ್ನು ರಾಜ್ಯ ಶಾಸನಸಭೆಗಳು ಆರಿಸುತ್ತಿದ್ದವು. 1913ರಿಂದ ಜನರೇ ನೇರವಾಗಿ ಆರಿಸುತ್ತಾರೆ. ಅದಕ್ಕೂ ಮುನ್ನ ಪಕ್ಷದೊಳಗಿನ ಚುನಾವಣೆ ಗೆಲ್ಲಬೇಕು. ಅಲ್ಲಿ ಸ್ವಪಕ್ಷದ ಅಧ್ಯಕ್ಷರನ್ನು ಎದುರು ಹಾಕಿಕೊಂಡವರಿಗೆ ಉಳಿಗಾಲ ಕಡಿಮೆ. 2020ರಲ್ಲಿ ಟ್ರಂಪ್ ವಿರುದ್ಧ ಮತ ಹಾಕಿದ ಮಿಟ್ ರಾಮ್ನಿ, ತಮ್ಮದೇ ಪಕ್ಷದ ಅಧ್ಯಕ್ಷರನ್ನು ತಪ್ಪಿತಸ್ಥರೆಂದ ಮೊದಲ ಸೆನೆಟರ್.

2021ರಲ್ಲಿ ಟ್ರಂಪ್ ಅವರ ಎರಡನೇ ವಿಚಾರಣೆಯಲ್ಲಿ ಆ ಸಂಖ್ಯೆ ಏಳಕ್ಕೇರಿ ಫಲಿತಾಂಶ 57–43 ಆಯಿತು, ಬೇಕಿದ್ದದ್ದು 67. ಸಂಸತ್ ಭವನದ ಮೇಲಿನ ದಾಳಿಗೆ ಟ್ರಂಪ್ ನೈತಿಕವಾಗಿ ಹೊಣೆ ಎಂದ ಸೆನೆಟ್‌ನ ಆಗಿನ ರಿಪಬ್ಲಿಕನ್ ನಾಯಕ ಮಿಚ್ ಮೆಕಾನಲ್, ಅಧಿಕಾರ ಬಿಟ್ಟವರ ವಿಚಾರಣೆ ನಡೆಸುವ ಹಕ್ಕು ಸೆನೆಟ್‌ಗಿಲ್ಲವೆಂದು 'ತಪ್ಪಿತಸ್ಥರಲ್ಲ' ಎಂದರು. ಅದೇ ಪಕ್ಷದ ಸೆನೆಟರ್ ರಿಚರ್ಡ್ ಬರ್ ಅವರಿಗೂ ಮೊದಲು ಅದೇ ಆಕ್ಷೇಪವಿತ್ತು. ಸೆನೆಟ್ ಅದನ್ನು ತಳ್ಳಿಹಾಕಿದ ಮೇಲೆ ಆ ತೀರ್ಮಾನಕ್ಕೆ ತಲೆಬಾಗಿ, ಸಾಕ್ಷ್ಯ ನೋಡಿ 'ತಪ್ಪಿತಸ್ಥ' ಎಂದರು. ಇಬ್ಬರಲ್ಲಿ ನನಗೆ ಹೆಚ್ಚು ಗೌರವ ಬರ್ ಮೇಲೆ.

ಲೂಸಿಯಾನಾದ ಬಿಲ್ ಕ್ಯಾಸಿಡಿ ಕೂಡ ಆ ಏಳರಲ್ಲಿ ಒಬ್ಬರು. ಟ್ರಂಪ್ ತಪ್ಪಿತಸ್ಥರಾದ್ದರಿಂದ ಹಾಗೆ ಮತ ಹಾಕಿದೆ ಎಂದು ಪುಟ್ಟ ವಿಡಿಯೊದಲ್ಲಿ ಹೇಳಿದರು. ರಾಜ್ಯದ ಪಕ್ಷ ಘಟಕ ಅದೇ ದಿನ ಅವರ ವಿರುದ್ಧ ಖಂಡನಾ ನಿರ್ಣಯ ಅಂಗೀಕರಿಸಿತು.